ಯೇಸುವಿನ ಚಿತ್ರ, ಚಿಹ್ನೆ, ಐತಿಹ್ಯ: ಮೈಸೂರಿನ ಚರ್ಚು ನೋಡಲು ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ಎಲ್ಲ ಧರ್ಮದವರೂ ಬರುತ್ತಾರೆ. ಬಣ್ಣದ ಗಾಜು ನೋಡುತ್ತಾರೆ, ಪ್ರತಿಮೆಗಳ ಮುಂದೆ ನಿಲ್ಲುತ್ತಾರೆ, ಆಮೇಲೆ ಕೇಳಲು ಶುರು ಮಾಡುತ್ತಾರೆ. ಆ ಪ್ರಶ್ನೆಗಳು ನನಗೆ ತುಂಬಾ ಇಷ್ಟ. ಅವುಗಳಲ್ಲಿ ಮತ್ತೆ ಮತ್ತೆ ಬರುವವನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಉತ್ತರ ಕೊಡುವಾಗ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಯಾವುದು ಶುಭಸಂದೇಶದಲ್ಲಿದೆ, ಯಾವುದು ಜನ ಆಮೇಲೆ ಹೇಳಿಕೊಂಡು ಬಂದ ಕಥೆ, ಯಾವುದು ಕಲಾವಿದರು ಸೇರಿಸಿದ್ದು ಎಂದು ಬಿಡಿಸಿ ಹೇಳುವುದು. ಶುಭಸಂದೇಶ ಎಂದರೆ ಮತ್ತಾಯ, ಮಾರ್ಕ, ಲೂಕ, ಯೊವಾನ್ನರ ನಾಲ್ಕು ಪುಸ್ತಕಗಳು. ಕಥೆಗಳನ್ನು ಸುಳ್ಳು ಎಂದು ತಳ್ಳಿಬಿಡುವುದೂ ಬೇಡ, ಗ್ರಂಥದಲ್ಲೇ ಇದೆ ಎಂದು ಸಾಧಿಸುವುದೂ ಬೇಡ.

ಯೇಸು ನಿಜವಾಗಿ ಹೀಗೇ ಇದ್ದರಾ? ಉದ್ದ ಕೂದಲು, ಗಡ್ಡ, ಬೆಳ್ಳಗಿನ ಮುಖ?

ಗೊತ್ತಾಗುವ ದಾರಿಯೇ ಇಲ್ಲ. ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಅವರ ಮುಖದ, ಎತ್ತರದ, ಬಣ್ಣದ ವರ್ಣನೆ ಇಲ್ಲ. ಅವರು ಸುಮಾರು 2000 ವರ್ಷಗಳ ಹಿಂದೆ ಗಲಿಲೇಯದಲ್ಲಿ ಬೆಳೆದ ಯೆಹೂದಿ. ಆ ಸೀಮೆಯ ಜನರ ಮೈಬಣ್ಣವೇ ಅವರಿಗೂ ಇದ್ದಿರಬೇಕು, ಅಷ್ಟು ಹೇಳಬಹುದು.

ಇನ್ನೊಂದು ಸಂಗತಿ ಕೇಳಿದರೆ ಆಶ್ಚರ್ಯವಾಗುತ್ತದೆ. ಮೊದಮೊದಲ ಚಿತ್ರಗಳಲ್ಲಿ ಯೇಸುವಿಗೆ ಗಡ್ಡವೇ ಇಲ್ಲ! ಸಿರಿಯಾದ ಡ್ಯೂರಾ ಯುರೋಪೋಸ್ ಎಂಬ ಊರಿನ ಮನೆಚರ್ಚಿನಲ್ಲಿ ಸುಮಾರು 235ರ ಗೋಡೆಚಿತ್ರ ಸಿಕ್ಕಿದೆ. ರೋಮ್ ನಗರದ ನೆಲದಡಿಯ ಸಮಾಧಿ ಸುರಂಗಗಳಲ್ಲೂ ಹಳೆಯ ಚಿತ್ರಗಳಿವೆ. ಅಲ್ಲೆಲ್ಲ ಯೇಸು ಗಡ್ಡ ಬಾರದ ಹುಡುಗ. ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬ. ಗಡ್ಡ, ಉದ್ದ ಕೂದಲು ಬಂದಿದ್ದು 4ನೇ ಶತಮಾನದಿಂದ ಈಚೆಗೆ. ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ 6ನೇ ಶತಮಾನದ ಒಂದು ಪಟವಿದೆ. ಅದರಲ್ಲಿ ನಮಗೆ ಪರಿಚಯದ ಮುಖ ಪೂರ್ತಿ ಮೂಡಿದೆ. ಆ ಮುಖದ ಎರಡು ಅರ್ಧಗಳು ಒಂದೇ ಥರ ಇಲ್ಲ. ಒಂದು ಕಡೆ ಶಾಂತ, ಇನ್ನೊಂದು ಕಡೆ ಗಡಸು. ಕರುಣೆಯೂ ನ್ಯಾಯವೂ ಒಬ್ಬರಲ್ಲೇ ಎಂದು ಕಲಾವಿದ ಹೇಳುತ್ತಿದ್ದಾನೆ ಅಂತ ಅನೇಕರು ಓದುತ್ತಾರೆ. ನನಗೂ ಹಾಗೇ ಕಾಣುತ್ತದೆ.

ಹಾಗಿದ್ದರೆ ಅವರ ಮುಖ ಬಟ್ಟೆಯ ಮೇಲೆ ಮೂಡಿತ್ತು ಅನ್ನುತ್ತಾರಲ್ಲ?

ಅಂಥ ಕಥೆ ಒಂದಲ್ಲ, ಹಲವು. ಈಗಿನ ಟರ್ಕಿಯಲ್ಲಿರುವ ಎದೆಸ್ಸಾದ ರಾಜ ಅಬ್ಗರನಿಗೆ ಕಾಯಿಲೆ. ಯೇಸು ತಮ್ಮ ಮುಖ ಅಚ್ಚೊತ್ತಿದ ಬಟ್ಟೆ ಕಳಿಸಿ ಅವನನ್ನು ಗುಣಪಡಿಸಿದರು ಎಂಬುದು ಪೂರ್ವದ ಸಭೆಗಳ ಕಥೆ. ಪಶ್ಚಿಮದಲ್ಲಿ ವೆರೋನಿಕಾ ಕಥೆ. ಶಿಲುಬೆ ಹೊತ್ತು ಹೋಗುತ್ತಿದ್ದ ಯೇಸುವಿನ ಬೆವರು, ರಕ್ತವನ್ನು ಒಬ್ಬ ಹೆಂಗಸು ತನ್ನ ಬಟ್ಟೆಯಿಂದ ಒರೆಸಿದಳು, ಮುಖ ಅದರಲ್ಲಿ ಮೂಡಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿ (ಯೇಸುವಿನ ಕೊನೆಯ ನಡಿಗೆಯನ್ನು ಹಂತಹಂತವಾಗಿ ನೆನೆಯುವ ಪ್ರಾರ್ಥನೆ) ಮಾಡುವವರಿಗೆ ಇದು 6ನೇ ನಿಲ್ದಾಣ. ಇದು ಶುಭಸಂದೇಶದಲ್ಲಿಲ್ಲ. ಯೇಸು ಮೂರು ಸಲ ಬೀಳುವುದು, ದಾರಿಯಲ್ಲಿ ತಾಯಿಯನ್ನು ಕಾಣುವುದು, ಇವೂ ಅಲ್ಲಿಲ್ಲ. 14 ನಿಲ್ದಾಣಗಳಲ್ಲಿ ಕೆಲವು ಗ್ರಂಥದಿಂದ ಬಂದವು, ಕೆಲವು ಭಕ್ತರ ಮನಸ್ಸಿನಿಂದ ಬಂದವು.

ಆದರೂ ವೆರೋನಿಕಾಳನ್ನು ಬಿಡಲು ನನಗೆ ಮನಸ್ಸಿಲ್ಲ. ಇಡೀ ಬೀದಿ ಸುಮ್ನೆ ನೋಡುತ್ತಾ ನಿಂತಿರುವಾಗ ಒಬ್ಬಳು ಮುಂದೆ ಬಂದಳು ಎಂಬ ಕಥೆಯನ್ನು ಜನ ನೂರಾರು ವರ್ಷ ಕಾಪಾಡಿಕೊಂಡು ಬಂದಿದ್ದಾರೆ. ಅದಕ್ಕೆ ಕಾರಣ ಇದ್ದೇ ಇದೆ.

ಇಟಲಿಯ ಟ್ಯೂರಿನ್‌ನಲ್ಲಿರುವ ಶವವಸ್ತ್ರ ಬೇರೆ. ಅದು ನಾಲ್ಕು ಮೀಟರಿಗಿಂತ ಉದ್ದದ ನಾರುಬಟ್ಟೆ, ಅದರ ಮೇಲೆ ಗಾಯಗೊಂಡ ಗಂಡಸಿನ ಅಚ್ಚು. ಅದರ ಖಚಿತ ಇತಿಹಾಸ ಸಿಗುವುದು 14ನೇ ಶತಮಾನದ ಫ್ರಾನ್ಸಿನಿಂದ. 1988ರಲ್ಲಿ ಮೂರು ಪ್ರಯೋಗಾಲಯಗಳು ಇಂಗಾಲದ ಪರೀಕ್ಷೆ ಮಾಡಿ, ಬಟ್ಟೆ 1260ರಿಂದ 1390ರ ನಡುವಿನದು ಎಂದವು. ಆ ಪರೀಕ್ಷೆ ಸರಿ ಇಲ್ಲ ಅನ್ನುವವರು ಇವತ್ತಿಗೂ ಇದ್ದಾರೆ. ಕಥೋಲಿಕ ಧರ್ಮಸಭೆ ಅದನ್ನು ಯೇಸುವಿನದೇ ಬಟ್ಟೆ ಎಂದು ಅಧಿಕೃತವಾಗಿ ಘೋಷಿಸಿಲ್ಲ, ಭಕ್ತರು ಪ್ರಾರ್ಥಿಸುವುದನ್ನು ತಡೆದೂ ಇಲ್ಲ.

ಚಿತ್ರದಲ್ಲಿ ಇಷ್ಟೊಂದು ಜನ. ಯೇಸು ಯಾರು ಅಂತ ಗುರುತಿಸುವುದು ಹೇಗೆ?

ತಲೆಯ ಹಿಂದಿನ ಪ್ರಭೆ ನೋಡಿ. ಸಂತರಿಗೆ ಬರೀ ವೃತ್ತ. ಯೇಸುವಿನ ವೃತ್ತದೊಳಗೆ ಶಿಲುಬೆಯ ಗೆರೆಗಳು ಇರುತ್ತವೆ. ಚಾಮುಂಡಿಯನ್ನು ನಾವು ಸಿಂಹ, ತ್ರಿಶೂಲ, ಕಾಲಡಿಯ ಮಹಿಷನಿಂದ ಗುರುತಿಸುತ್ತೇವಲ್ಲ, ಇದೂ ಹಾಗೇ. ಸಂತರಿಗೂ ಒಂದೊಂದು ಗುರುತು ಉಂಟು. ಯೇಸುವಿನ ಶಿಷ್ಯ ಪೇತ್ರನಿಗೆ ಬೀಗದ ಕೈ, ಪೌಲನಿಗೆ ಕತ್ತಿ. ಶುಭಸಂದೇಶ ಬರೆದ ನಾಲ್ವರಿಗೆ ನಾಲ್ಕು ರೆಕ್ಕೆಯ ರೂಪಗಳು: ಮತ್ತಾಯನಿಗೆ ಮನುಷ್ಯ, ಮಾರ್ಕನಿಗೆ ಸಿಂಹ, ಲೂಕನಿಗೆ ಹೋರಿ, ಯೊವಾನ್ನನಿಗೆ ಹದ್ದು.

ಶಿಲುಬೆಯ ತುದಿಯಲ್ಲಿ ಐ.ಎನ್.ಆರ್.ಐ. ಅಂತ ಯಾಕೆ ಬರೆದಿರುತ್ತಾರೆ?

"ನಜರೇತಿನ ಯೇಸು, ಯೆಹೂದ್ಯರ ಅರಸ" ಎಂಬ ಲ್ಯಾಟಿನ್ ಮಾತಿನ ಮೊದಲ ಅಕ್ಷರಗಳು. ಮರಣದಂಡನೆ ವಿಧಿಸಿದ ರೋಮನ್ ಅಧಿಕಾರಿ ಪಿಲಾತನು ಈ ಫಲಕವನ್ನು ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಬರೆಸಿದ ಎಂದು ಯೊವಾನ್ನ ಹೇಳುತ್ತಾನೆ. ಅದು ಆರೋಪಪಟ್ಟಿ. ಭಕ್ತರಿಗೆ ಅದೇ ಬಿರುದಾಯಿತು. ಪೀಠದ ಬಟ್ಟೆಯ ಮೇಲೆ ಕಾಣುವ ಐ.ಎಚ್.ಎಸ್. ಬೇರೆ. ಅದು ಯೇಸು ಎಂಬ ಗ್ರೀಕ್ ಹೆಸರಿನ ಮೊದಲ ಮೂರು ಅಕ್ಷರ.

ಕೆಲವು ಶಿಲುಬೆಗಳ ಬುಡದಲ್ಲಿ ತಲೆಬುರುಡೆ ಇರುತ್ತದೆ. ಹೆದರಿಕೆ ಆಗುತ್ತದೆ!

ಮಕ್ಕಳು ಇದನ್ನು ಬಿಡದೆ ಕೇಳುತ್ತಾರೆ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂದರೆ ತಲೆಬುರುಡೆಯ ಜಾಗ, ಅದು ಶುಭಸಂದೇಶದಲ್ಲೇ ಇದೆ. ಮೊದಲ ಮನುಷ್ಯ ಆದಾಮನನ್ನು ಅದೇ ಜಾಗದಲ್ಲಿ ಹೂಳಿದ್ದರು, ಯೇಸುವಿನ ರಕ್ತ ತೊಟ್ಟಿಕ್ಕಿ ಅವನ ಬುರುಡೆಗೆ ತಾಗಿತು ಎಂಬುದು ಐತಿಹ್ಯ. ಮೊದಲ ತಪ್ಪು ಮಾಡಿದವನಿಗೂ ಬಿಡುಗಡೆ ಸಿಕ್ಕಿತು ಎಂದು ಅದರ ಅರ್ಥ.

ಶಿಲುಬೆ ಮೊದಲಿಂದಲೂ ಕ್ರೈಸ್ತರ ಗುರುತಾಗಿತ್ತಾ?

ಇಲ್ಲ. ರೋಮನ್ನರ ಕಾಲದಲ್ಲಿ ಶಿಲುಬೆ ಎಂದರೆ ಗುಲಾಮರಿಗೆ, ದಂಗೆಕೋರರಿಗೆ ಕೊಡುತ್ತಿದ್ದ ಅತಿ ನಾಚಿಕೆಯ ಸಾವು. ಅದನ್ನು ಗೋಡೆಯ ಮೇಲೆ ಬಿಡಿಸಲು ಯಾರಿಗೆ ಮನಸ್ಸು ಬಂದೀತು? ಮೊದಲ ಶತಮಾನಗಳಲ್ಲಿ ಜಾಸ್ತಿ ಕಾಣುವುದು ಮೀನು, ಲಂಗರು, ಕುರುಬ, ಪಾರಿವಾಳ. ಗ್ರೀಕಿನಲ್ಲಿ ಮೀನಿಗೆ ಇಖ್ತುಸ್ ಎನ್ನುತ್ತಾರೆ. ಅದರ ಐದು ಅಕ್ಷರಗಳಿಂದ "ಯೇಸು ಕ್ರಿಸ್ತ, ದೇವರ ಮಗ, ರಕ್ಷಕ" ಎಂಬ ಮಾತು ಹೊರಡುತ್ತದೆ. ಲಂಗರು ಭರವಸೆಯ ಗುರುತು, ಜೊತೆಗೆ ಅದರ ಆಕಾರದಲ್ಲೇ ಒಂದು ಶಿಲುಬೆ ಅಡಗಿದೆ.

ಈ ಲಂಗರಿಗೂ ನಮ್ಮ ಮೈಸೂರಿನ ಚರ್ಚಿಗೂ ನಂಟಿದೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ಸಮಾಧಿ ಸುರಂಗದಲ್ಲಿ ಒಬ್ಬ ಹುಡುಗಿಯ ಗೋರಿ ಸಿಕ್ಕಿತು. ಮುಚ್ಚಿದ್ದ ಹೆಂಚುಗಳ ಮೇಲೆ ಲಂಗರು, ಬಾಣ, ತಾಳೆಗರಿ ಬಿಡಿಸಿತ್ತು. ಅಕ್ಷರಗಳನ್ನು ಜೋಡಿಸಿ ಓದಿದಾಗ ಫಿಲೋಮಿನಾ ಎಂದಾಯಿತು. ಇದರ ಮೇಲೆ ಅವಳ ಬದುಕಿನ ಕಥೆ ಬೆಳೆಯಿತು. ಲಂಗರು ಕಟ್ಟಿ ನೀರಿಗೆ ಎಸೆದರು, ಬಾಣ ಬಿಟ್ಟರು ಎಂದು. ಆ ಚಿಹ್ನೆಗಳು ಆ ಕಾಲದ ಎಷ್ಟೋ ಕ್ರೈಸ್ತ ಗೋರಿಗಳಲ್ಲಿ ಇವೆ ಎಂದು ಇತಿಹಾಸಕಾರರು ತೋರಿಸಿದರು. 1961ರಲ್ಲಿ ಅವಳ ಹಬ್ಬವನ್ನು ಧರ್ಮಸಭೆಯ ಪಂಚಾಂಗದಿಂದ ತೆಗೆದರು. ಮೈಸೂರಿನ ಭಕ್ತಿ ನಿಲ್ಲಲಿಲ್ಲ. ನೆಲಮಾಳಿಗೆಯಲ್ಲಿ ಮಲಗಿರುವ ಅವಳ ಪ್ರತಿಮೆಯ ಮುಂದೆ ಇವತ್ತೂ ಜನ ಮೊಣಕಾಲೂರುತ್ತಾರೆ. ಚಿಹ್ನೆಯೊಂದು ಕಥೆಯಾಗುವುದು ಹೇಗೆ ಎಂದು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಮೈಸೂರಿನವರಿಗೆ ಬೇಕಿಲ್ಲ.

ಯೇಸು ಶಿಲುಬೆಯಲ್ಲಿರುವ ದೃಶ್ಯ ಚರ್ಚಿನ ಬಾಗಿಲಿಗೆ ಬಂದಿದ್ದು ಸುಮಾರು 430ರಲ್ಲಿ, ರೋಮಿನ ಸಾಂತಾ ಸಬೀನಾದಲ್ಲಿ. ಅಲ್ಲಿ ಅವರ ಕಣ್ಣು ತೆರೆದಿದೆ, ನೋವಿನ ಸುಳಿವಿಲ್ಲ. ತಲೆ ಬಾಗಿಸಿ ಪ್ರಾಣ ಬಿಟ್ಟ ಯೇಸುವಿನ ದೊಡ್ಡ ಪ್ರತಿಮೆ ಬರಲು 10ನೇ ಶತಮಾನದ ತನಕ ಕಾಯಬೇಕಾಯಿತು. ಅಂಥದ್ದೊಂದು ತುಂಬಾ ಹಳೆಯ ಮರದ ಪ್ರತಿಮೆ ಜರ್ಮನಿಯ ಕಲೋನ್ ಚರ್ಚಿನಲ್ಲಿದೆ.

ಗೋದಲಿಯಲ್ಲಿ ಹಸು, ಕತ್ತೆ, ಮೂವರು ರಾಜರು. ಇವರೆಲ್ಲ ಗ್ರಂಥದಲ್ಲಿದ್ದಾರಾ?

ಡಿಸೆಂಬರಿನಲ್ಲಿ ಮನೆಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯ, ಕಟ್ಟುವಾಗ ಇದೇ ಚರ್ಚೆ.

ಎತ್ತು, ಕತ್ತೆ ಶುಭಸಂದೇಶದಲ್ಲಿಲ್ಲ. ಕೂಸನ್ನು ಮೇವಿನ ತೊಟ್ಟಿಯಲ್ಲಿ ಮಲಗಿಸಿದರು ಎಂದು ಲೂಕ ಬರೆದಿದ್ದಾನೆ, ಅಷ್ಟೇ. ತೊಟ್ಟಿ ಎಂದಮೇಲೆ ದನ ಇರಲೇಬೇಕಲ್ವಾ? ಅದಕ್ಕೆ ಯೇಸುವಿಗಿಂತ ಹಿಂದಿನ ಪ್ರವಾದಿ ಯೆಶಾಯನ ಹಳೆಯ ಮಾತು ಜೊತೆಯಾಯಿತು: ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ತನ್ನ ಯಜಮಾನನ ತೊಟ್ಟಿಯನ್ನು ಬಲ್ಲದು. ಗೋದಲಿಯನ್ನು ಜನಪ್ರಿಯ ಮಾಡಿದವರು ಅಸ್ಸಿಸಿಯ ಫ್ರಾನ್ಸಿಸ್. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆ ತರಿಸಿ ಕ್ರಿಸ್ಮಸ್ ಮಾಡಿದರು.

ಮೂವರು ರಾಜರ ಕಥೆ ಇನ್ನೂ ಸ್ವಾರಸ್ಯ. ಮತ್ತಾಯ ಹೇಳುವುದು "ಪೂರ್ವದಿಂದ ಬಂದ ಜ್ಞಾನಿಗಳು" ಎಂದು ಮಾತ್ರ. ಎಷ್ಟು ಜನ ಎಂದಿಲ್ಲ, ರಾಜರು ಎಂದಿಲ್ಲ, ಹೆಸರೂ ಇಲ್ಲ. ಕಾಣಿಕೆ ಮೂರು ಇದ್ದುದರಿಂದ ತಂದವರೂ ಮೂವರಾದರು. ಸಿರಿಯಾದ ಒಂದು ಪರಂಪರೆಯಲ್ಲಿ ಅವರು ಹನ್ನೆರಡು ಜನ! ಕಾಸ್ಪರ್, ಮೆಲ್ಕಿಯೋರ್, ಬಾಲ್ತಸಾರ್ ಎಂಬ ಹೆಸರುಗಳು ಇಟಲಿಯ ರವೆನ್ನಾ ಚರ್ಚಿನ ಗೋಡೆಯಲ್ಲಿ ಕಾಣುತ್ತವೆ. ಆಮೇಲೆ ಕಲಾವಿದರು ಅವರನ್ನು ಯುವಕ, ನಡುವಯಸ್ಸಿನವ, ಮುದುಕ ಮಾಡಿದರು. ಒಬ್ಬನನ್ನು ಆಫ್ರಿಕಾದ ಕಪ್ಪು ರಾಜನನ್ನಾಗಿ ಬಿಡಿಸಿದರು. ಎಲ್ಲ ವಯಸ್ಸು, ಎಲ್ಲ ನಾಡು ಆ ಕೂಸಿನ ಮುಂದೆ ಬಾಗಲಿ ಎಂದು.

ಕಾಣಿಕೆಗೂ ಅರ್ಥವಿದೆ. ಚಿನ್ನ ಅರಸನಿಗೆ, ಧೂಪ ದೇವರಿಗೆ, ರಕ್ತಬೋಳ ಎಂಬ ಸುವಾಸನೆಯ ಅಂಟು ಸಾಯಲಿರುವವನಿಗೆ. ಯೇಸುವಿನ ಶವಕ್ಕೆ ಹಚ್ಚಲು ನಿಕೊದೇಮ ಎಂಬ ಅನುಯಾಯಿ ತಂದಿದ್ದರಲ್ಲೂ ರಕ್ತಬೋಳ ಇತ್ತು. ತೊಟ್ಟಿಲಲ್ಲೇ ಸಾವಿನ ಸೂಚನೆ.

ಈ ಮೂವರ ಅಸ್ಥಿ ಎಂದು ನಂಬಿದ ಅವಶೇಷಗಳನ್ನು 1164ರಲ್ಲಿ ಮಿಲಾನಿನಿಂದ ಕಲೋನ್‌ಗೆ ತಂದರು. ಅದಕ್ಕೆ ತಕ್ಕ ಮಂದಿರ ಬೇಕು ಎಂದು 1248ರಲ್ಲಿ ದೊಡ್ಡ ಚರ್ಚು ಶುರು ಮಾಡಿದರು. ಮುಗಿದಿದ್ದು 1880ರಲ್ಲಿ. ಆ ಕಲೋನ್ ಚರ್ಚಿನ ಮಾದರಿಯಲ್ಲೇ ನಮ್ಮ ಫಿಲೋಮಿನಾ ಚರ್ಚು ಎದ್ದಿತು. 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಹೆಸರಿಲ್ಲದ ಜ್ಞಾನಿಗಳ ಒಂದು ಸಾಲಿನ ಪ್ರಸ್ತಾಪ ಬೆಳೆಯುತ್ತಾ ಬಂದು, ಮೈಸೂರಿನ ಆಕಾಶದಲ್ಲಿ 175 ಅಡಿಯ ಜೋಡಿ ಗೋಪುರವಾಗಿದೆ.

ಯೇಸು ಹುಟ್ಟಿದ್ದು ಡಿಸೆಂಬರ್ 25ಕ್ಕೇನಾ?

ಗ್ರಂಥದಲ್ಲಿ ತಾರೀಕಿಲ್ಲ. ರೋಮಿನಲ್ಲಿ 4ನೇ ಶತಮಾನದ ಹೊತ್ತಿಗೆ ಆ ದಿನ ಹಬ್ಬ ನಡೆಯುತ್ತಿತ್ತು. ಅರ್ಮೇನಿಯಾದ ಸಭೆ ಜನವರಿ 6ಕ್ಕೆ ಆಚರಿಸುತ್ತದೆ.

ಹಳೆಯ ಚರ್ಚುಗಳಲ್ಲಿ ಎದೆ ಕುಕ್ಕಿಕೊಳ್ಳುವ ಹಕ್ಕಿ ಇರುತ್ತದೆ. ಅದು ಯಾವುದು?

ನಮ್ಮ ಹೆಜ್ಜಾರ್ಲೆ! ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ನೋಡಿರುತ್ತೀರಿ. ಯುರೋಪಿನ ಹೆಜ್ಜಾರ್ಲೆ ಬೇರೆ ಜಾತಿ, ಕುಟುಂಬ ಒಂದೇ.

ಹಳೆಯ ಕಥೆ ಹೀಗೆ. ಮರಿಗಳು ಹಸಿವಿನಿಂದ ಸಾಯುವಾಗ ತಾಯಿ ತನ್ನ ಎದೆಯನ್ನು ಕೊಕ್ಕಿನಿಂದ ಸೀಳಿ ರಕ್ತ ಕುಡಿಸುತ್ತದೆ. ಇನ್ನೊಂದು ರೂಪದಲ್ಲಿ, ಸತ್ತ ಮರಿಗಳಿಗಾಗಿ ಮೂರು ದಿನ ಅತ್ತು, ಆಮೇಲೆ ತನ್ನ ರಕ್ತ ಸುರಿಸಿ ಬದುಕಿಸುತ್ತದೆ. ಮೂರು ದಿನ, ರಕ್ತ, ಮತ್ತೆ ಜೀವ. ಯೇಸುವಿಗೆ ಹೋಲಿಸಲು ಇನ್ನೇನು ಬೇಕು? ಹಾಗಾಗಿ ಪರಮ ಪ್ರಸಾದ (ಯೇಸುವಿನ ದೇಹವೆಂದು ನಂಬಿ ಸ್ವೀಕರಿಸುವ ರೊಟ್ಟಿ) ಇಡುವ ಪೆಟ್ಟಿಗೆಗಳ ಮೇಲೆ, ಪೀಠಗಳ ಮೇಲೆ ಈ ಹಕ್ಕಿ ಬಂತು.

ನಿಜವಾಗಿ ಯಾವ ಹೆಜ್ಜಾರ್ಲೆಯೂ ಎದೆ ಸೀಳಿಕೊಳ್ಳುವುದಿಲ್ಲ. ಅದು ಕೊಕ್ಕನ್ನು ಎದೆಗೆ ಒತ್ತಿ, ಚೀಲದಲ್ಲಿರುವ ಮೀನನ್ನು ಮೇಲೆ ತರುತ್ತದೆ. ಮರಿ ತಲೆಯನ್ನೇ ಆ ಚೀಲದೊಳಗೆ ತೂರಿಸಿ ತಿನ್ನುತ್ತದೆ. ದೂರದಿಂದ ನೋಡಿದವರಿಗೆ ಎದೆ ಬಗೆದಂತೆ ಕಂಡಿರಬೇಕು. ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ಪಕ್ಕದ ಹುಣಸೆ ಮರದಲ್ಲೇ ಇದನ್ನು ಕಣ್ಣಾರೆ ಕಾಣಬಹುದು. ಹೆರಿಗೆಗೆ ತವರಿಗೆ ಬಂದ ಮಗಳು ಎಂದು ಆ ಊರಿನವರು ಈ ಹಕ್ಕಿಯನ್ನು ನೋಡಿಕೊಳ್ಳುತ್ತಾರೆ. ಯುರೋಪಿನವರು ಹೆಜ್ಜಾರ್ಲೆಯಲ್ಲಿ ತ್ಯಾಗದ ತಾಯಿಯನ್ನು ಕಂಡರು, ಮಂಡ್ಯದವರು ಬಸುರಿ ಮಗಳನ್ನು ಕಂಡರು. ಎರಡೂ ನನಗೆ ಪ್ರೀತಿಯವು. ಮಕ್ಕಳಿಗೆ ಯೇಸುವಿನ ಚಿಹ್ನೆಗಳ ಬಗ್ಗೆ ಹೇಳುವವರು ಒಮ್ಮೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ.

ಬೇರೆ ಪ್ರಾಣಿಗಳು?

ಬಾವುಟ ಹಿಡಿದ ಕುರಿಮರಿ ಯೇಸುವೇ. ಜನರಿಗೆ ನೀರಿನಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದ ಸ್ನಾನಿಕ ಯೊವಾನ್ನ (ಶುಭಸಂದೇಶ ಬರೆದವನಲ್ಲ, ಬೇರೆಯವನು) ಅವರನ್ನು "ದೇವರ ಕುರಿಮರಿ" ಎಂದು ಕರೆದ, ಬಾವುಟ ಪುನರುತ್ಥಾನದ ಜಯಕ್ಕೆ. ನವಿಲು ಸಾವಿಲ್ಲದ ಬದುಕಿಗೆ, ಅದರ ಮಾಂಸ ಕೊಳೆಯುವುದಿಲ್ಲ ಎಂದು ಹಿಂದಿನವರು ನಂಬಿದ್ದರು. ಗೋಪುರದ ಹುಂಜ, ಕೋಳಿ ಕೂಗುವ ಮೊದಲು ಪೇತ್ರನು ಮೂರು ಸಲ ಯೇಸುವನ್ನು ಅಲ್ಲಗಳೆದಿದ್ದನ್ನು ನೆನಪಿಸುತ್ತದೆ.

ಕೃಷ್ಣಕಮಲದ ಹೂವಿಗೂ ಯೇಸುವಿಗೂ ಸಂಬಂಧ ಇದೆಯಂತೆ, ಹೌದಾ?

ಹೌದು. ಆ ಬಳ್ಳಿಯ ತವರು ಅಮೆರಿಕ ಖಂಡ. 16, 17ನೇ ಶತಮಾನದಲ್ಲಿ ಅಲ್ಲಿಗೆ ಹೋದ ಸ್ಪೇನಿನ ಪಾದ್ರಿಗಳು ಹೂವನ್ನು ನೋಡಿ ಯೇಸುವಿನ ಯಾತನೆಯ ಕಥೆಯನ್ನೇ ಓದಿದರು. ಸುತ್ತಲಿನ ಎಳೆಗಳು ಮುಳ್ಳಿನ ಕಿರೀಟ. ಐದು ಕೇಸರ ಐದು ಗಾಯ. ಮೇಲಿನ ಮೂರು ಶಲಾಕೆ ಮೂರು ಮೊಳೆ. ಹತ್ತು ದಳ ಹತ್ತು ಶಿಷ್ಯರು, ಯಾಕೆಂದರೆ ಹಿಡಿದುಕೊಟ್ಟ ಯೂದನನ್ನೂ ಅಲ್ಲಗಳೆದ ಪೇತ್ರನನ್ನೂ ಬಿಟ್ಟರು.

ಅದೇ ಹೂವು ನಮ್ಮ ಕಾಂಪೌಂಡಿಗೆ ಬಂದಾಗ ಎಳೆಗಳು ನೂರು ಜನ ಕೌರವರಾದರು, ಐದು ಕೇಸರ ಪಾಂಡವರಾದರು, ಮೂರು ಶಲಾಕೆ ತ್ರಿಮೂರ್ತಿಗಳು, ನಡುವೆ ಕೃಷ್ಣ. ಇದರಲ್ಲಿ ಯಾವುದು ಸರಿ ಎಂದು ಕೇಳುವವರೂ ಇದ್ದಾರೆ. ಹೂವಿಗೆ ಎರಡೂ ಗೊತ್ತಿಲ್ಲ. ತಮಗೆ ಪ್ರಿಯವಾದ ಕಥೆಯನ್ನು ಜನ ಅದರಲ್ಲಿ ಕಂಡರು. ಎರಡನ್ನೂ ಕಲಿತವರಿಗೆ ಲಾಭವೇ.

ಬಾಲಯೇಸುವಿನ ಕಥೆಗಳಿಲ್ಲವೇ, ಬಾಲಕೃಷ್ಣನ ಹಾಗೆ?

ಇವೆ, ಆದರೆ ನಾಲ್ಕು ಶುಭಸಂದೇಶಗಳ ಹೊರಗೆ. ಐದು ವರ್ಷದ ಯೇಸು ಜೇಡಿಮಣ್ಣಿನಲ್ಲಿ ಹನ್ನೆರಡು ಗುಬ್ಬಿ ಮಾಡಿ, ಚಪ್ಪಾಳೆ ತಟ್ಟಿದಾಗ ಅವು ಹಾರಿಹೋದವು ಎಂಬ ಕಥೆ ತುಂಬಾ ಹಳೆಯದು. ಮಣ್ಣಿನ ಹಕ್ಕಿಗೆ ಜೀವ ಕೊಟ್ಟ ವಿಷಯ ಕುರ್‌ಆನ್‌ನಲ್ಲೂ ಬರುತ್ತದೆ. ಈಜಿಪ್ಟಿಗೆ ಓಡಿಹೋಗುವ ದಾರಿಯಲ್ಲಿ ಖರ್ಜೂರದ ಮರ ಬಾಗಿ ಮರಿಯಮ್ಮನಿಗೆ ಹಣ್ಣು ಕೊಟ್ಟಿತು ಎಂಬುದು ಇನ್ನೊಂದು.

ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿಗೆ ಹೋದವರು ಸಂತ ಅಂತೋಣಿಯ ಕೈಯಲ್ಲಿ ಕೂಸನ್ನು ನೋಡಿರುತ್ತಾರೆ. ಅದು ಅಂತೋಣಿಯ ಮಗುವಲ್ಲ, ಬಾಲಯೇಸು. 13ನೇ ಶತಮಾನದ ಈ ಸಂತರು ಪ್ರಾರ್ಥಿಸುವಾಗ ಕೂಸು ಅವರ ತೋಳಿಗೆ ಬಂತು, ಆ ಮನೆಯ ಯಜಮಾನ ಮರೆಯಿಂದ ಕಂಡ ಎಂಬುದು ಕಥೆ. ಡೋರ್ನಹಳ್ಳಿಗೂ ತನ್ನದೇ ಐತಿಹ್ಯವಿದೆ. ರೈತನೊಬ್ಬನಿಗೆ ಹೊಲ ಉಳುವಾಗ ಮರದ ಪ್ರತಿಮೆ ಸಿಕ್ಕಿತು, ಗೊಂಬೆ ಎಂದುಕೊಂಡು ಮನೆಗೆ ತಂದ, ಆಮೇಲೆ ಕನಸಿನಲ್ಲಿ ಸಂತರು ಕಾಣಿಸಿಕೊಂಡರು ಎಂದು. ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿಯವರೂ ಸೇರುತ್ತಾರೆ.

ಯೇಸು ಕಾಶ್ಮೀರಕ್ಕೆ ಬಂದಿದ್ದರು ಎಂಬುದು ನಿಜವೇ?

ಇದಕ್ಕೆ ಆಧಾರವಿಲ್ಲ. ಇದನ್ನು ನೇರವಾಗಿಯೇ ಹೇಳಬೇಕು. ಹನ್ನೆರಡನೇ ವಯಸ್ಸಿನಿಂದ ಸುಮಾರು ಮೂವತ್ತರ ತನಕ ಯೇಸು ಏನು ಮಾಡಿದರು ಎಂದು ಶುಭಸಂದೇಶ ಹೇಳುವುದಿಲ್ಲ. ಆ ಖಾಲಿ ಜಾಗವನ್ನು 1894ರಲ್ಲಿ ನೊಟೊವಿಚ್ ಎಂಬ ರಷ್ಯದ ಪ್ರವಾಸಿ ತುಂಬಿಸಿದ. ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಭಾರತ ವಾಸದ ಹಸ್ತಪ್ರತಿ ನೋಡಿದೆ ಎಂದು ಪುಸ್ತಕ ಬರೆದ. ಮರುವರ್ಷವೇ ಆಗ್ರಾದ ಅಧ್ಯಾಪಕ ಡಗ್ಲಸ್ ಅಲ್ಲಿಗೆ ಹೋಗಿ ವಿಚಾರಿಸಿದರು. ಅಂಥದ್ದೇನೂ ಇಲ್ಲ ಎಂದರು ಮಠದ ಹಿರಿಯ ಲಾಮಾ. ಶ್ರೀನಗರದ ರೋಜಾಬಲ್ ಗೋರಿ ಯೇಸುವಿನದು ಎಂದು ಹೇಳಿದವರು ಅಹ್ಮದೀಯ ಪಂಥದ ಮಿರ್ಜಾ ಗುಲಾಮ್ ಅಹ್ಮದ್, 19ನೇ ಶತಮಾನದ ಕೊನೆಯಲ್ಲಿ. ಅಲ್ಲಿನ ಹೆಚ್ಚಿನ ಮುಸ್ಲಿಮರಿಗೆ ಅದು ಒಬ್ಬ ಸಂತರ ಸಮಾಧಿ, ಅಷ್ಟೇ.

ಭಾರತದ ನಂಟಿನ ಗಟ್ಟಿ ಪರಂಪರೆ ಬೇಕಿದ್ದರೆ ಕೇರಳ ನೋಡಿ. ಶಿಷ್ಯ ತೋಮಾ 52ರಲ್ಲಿ ಅಲ್ಲಿಗೆ ಬಂದರು ಎಂದು ಅಲ್ಲಿನ ಕ್ರೈಸ್ತರು ತಲೆಮಾರುಗಳಿಂದ ನಂಬಿದ್ದಾರೆ.

ಯೇಸುವಿನ ಹೃದಯ ಹೊರಗೆ ಕಾಣುವ ಪಟ ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಎಲ್ಲಿಂದ ಬಂತು?

ಫ್ರಾನ್ಸಿನಿಂದ. 1673ರಿಂದ ಮಾರ್ಗರೆಟ್ ಮೇರಿ ಅಲಕೋಕ್ ಎಂಬ ಸನ್ಯಾಸಿನಿಗೆ ಆದ ದರ್ಶನಗಳು ಅದರ ಮೂಲ. ಉರಿ ಪ್ರೀತಿಗೆ, ಮುಳ್ಳು ನೋವಿಗೆ, ಗಾಯ ಶಿಲುಬೆಯ ಮೇಲೆ ಯೇಸುವಿನ ಪಕ್ಕೆಗೆ ಚುಚ್ಚಿದ ಸೈನಿಕನ ಈಟಿಗೆ. ಎದೆಯಿಂದ ಕೆಂಪು, ಬಿಳಿ ಕಿರಣ ಬರುವ ಪಟ ಬೇರೆ. ಅದು ಪೋಲೆಂಡಿನ ಫೌಸ್ತಿನಾ 1931ರಲ್ಲಿ ಕಂಡ ದರ್ಶನ. ಕೆಂಪು ರಕ್ತ, ಬಿಳಿ ನೀರು.

ಯೇಸುವನ್ನು ಭಾರತೀಯರ ಹಾಗೆ ಬಿಡಿಸಿದರೆ ತಪ್ಪಾ?

ಖಂಡಿತ ತಪ್ಪಲ್ಲ. ಇಟಲಿಯವರು ಇಟಲಿಯವನಂತೆ ಬಿಡಿಸಿದರು, ಇಥಿಯೋಪಿಯಾದವರು ಇಥಿಯೋಪಿಯಾದವನಂತೆ. ಮುಖದ ವರ್ಣನೆ ಗ್ರಂಥದಲ್ಲಿ ಇಲ್ಲದಿರುವುದರಿಂದಲೇ ಎಲ್ಲರಿಗೂ ಆ ಅವಕಾಶ ಸಿಕ್ಕಿತು. 1580ರಲ್ಲಿ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳು ಅಕ್ಬರನಿಗೆ ಚಿತ್ರಗಳಿರುವ ಬೈಬಲ್ ಕೊಟ್ಟರು. ಆಸ್ಥಾನದ ಕಲಾವಿದರು ಯೇಸುವನ್ನೂ ಮರಿಯಮ್ಮನನ್ನೂ ಮೊಘಲ್ ಶೈಲಿಯಲ್ಲಿ ಬಿಡಿಸಿದರು. ಗೋವಾದ ಆಂಜೆಲೊ ಫೊನ್ಸೆಕಾ ಮರಿಯಮ್ಮನಿಗೆ ಸೀರೆ ಉಡಿಸಿದರು. ಬೆಂಗಳೂರಿನ ಹತ್ತಿರ ಸಿಲ್ವೆಪುರದ ಜ್ಯೋತಿ ಸಾಹಿ ಈ ನೆಲದ ಬಣ್ಣ, ಗೆರೆಗಳಲ್ಲಿ ಯೇಸುವನ್ನು ಚಿತ್ರಿಸುತ್ತಾ ಬಂದವರು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಮಲೋರ್ಪವದಾಸ್ ಗುರುಗಳು ಕಟ್ಟಿದ ಅಂಜಲಿ ಆಶ್ರಮವೂ ಇದೇ ದಾರಿಯದು. ಇಂಥ ಕೆಲಸ ಕನ್ನಡನಾಡಿನಲ್ಲಿ ಇನ್ನೂ ಜಾಸ್ತಿ ಆಗಬೇಕು ಎಂಬುದು ನನ್ನ ಆಸೆ. ನಮ್ಮ ಗೋದಲಿಯ ಕುರುಬ ಕಂಬಳಿ ಹೊದ್ದಿದ್ದರೆ ಎಷ್ಟು ಚೆನ್ನ!

ಫಿಲೋಮಿನಾ ಚರ್ಚಿಗೆ ಬಂದಾಗ ಏನೇನು ನೋಡಬೇಕು?

ಮೊದಲು ಕಟ್ಟಡವನ್ನೇ ನೋಡಿ. ಅದರ ನೆಲನಕ್ಷೆ ಶಿಲುಬೆಯ ಆಕಾರದ್ದು. ಜನ ಕೂರುವ ಉದ್ದದ ಭಾಗ ಶಿಲುಬೆಯ ಕಂಬ, ಎರಡು ಪಕ್ಕದ ಚಾಚು ಅದರ ತೋಳು. ಆಮೇಲೆ ಫ್ರಾನ್ಸಿನಿಂದ ತರಿಸಿದ ಗಾಜಿನ ಚಿತ್ರಗಳು: ಯೇಸುವಿನ ಜನನ, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣ. ಬಿಸಿಲು ಇರುವಾಗ ಬನ್ನಿ, ಮೋಡವಿದ್ದರೆ ಬಣ್ಣ ಎದ್ದು ಕಾಣುವುದಿಲ್ಲ. ಪ್ರಭೆಯೊಳಗೆ ಶಿಲುಬೆಯ ಗೆರೆ ಇದೆಯಾ ಎಂದು ಮಕ್ಕಳಿಗೆ ಹುಡುಕಲು ಹೇಳಿ. ಕೊನೆಗೆ ನೆಲಮಾಳಿಗೆಗೆ ಇಳಿಯಿರಿ. ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಆರಾಧನೆ, ನಡೆಯುತ್ತಿದ್ದರೆ ಓಡಾಡದೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಪೂಜೆ ಮುಗಿದ ಮೇಲೆ ಅಲ್ಲಿರುವ ಯಾರನ್ನಾದರೂ ಕೇಳಿ, ಖುಷಿಯಿಂದ ತೋರಿಸುತ್ತಾರೆ.